ತಿಕ್ಕಿ ತೊಳೆದ ಬೇರು

ವಾಸಾ, ವಿಸ್ಕಾನ್ಸಿನ್
ಭಾನುವಾರ, ಅಕ್ಟೋಬರ್ ೧೪, ೨೦೧೮

ನೆಂಗ್ ಅವರಿಗೆ, ಮನೆಯಿಂದ ಶುವಾ ಬರೆಯುವುದು.

ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪಿರುತ್ತದೆ. ಮೊದಲೇ ಕ್ಷಮೆ ಕೇಳುತ್ತೇನೆ. ಲಾವೋಸಿನ ನಮ್ಮೂರಲ್ಲಿ ಐದನೆಯ ತರಗತಿಯವರೆಗೆ ಮಾತ್ರ ಶಾಲೆ ಇತ್ತು, ಆರನೆಯದು ಬೆಟ್ಟದ ಆಚೆ. ಬೆಟ್ಟದ ಆಚೆಗೆ ಹುಡುಗಿಯರನ್ನು ಕಳಿಸುತ್ತಿರಲಿಲ್ಲ. ಇಷ್ಟು ಉದ್ದದ ಕಾಗದವನ್ನು ನಾನು ಯಾರಿಗೂ ಬರೆದದ್ದಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನೀವು ನಾಲ್ಕು ಮಾತಾಡುವಷ್ಟರಲ್ಲಿ ನಾನು ಹೇಳಬೇಕೆಂದದ್ದು ಮರೆತುಹೋಗುತ್ತದೆ. ಆಮೇಲೆ ಹೂಂ ಅನ್ನುವುದೊಂದೇ ನನಗೆ ಉಳಿಯುವುದು. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ.

ಹೋದ ವಾರ ನೀವು ಫೋನಿನಲ್ಲಿ ಹೇಳಿದ್ದು ಒಂದೂ ಮರೆತಿಲ್ಲ. ಸುಂಕ ಏರಿದ ಮೇಲೆ ಚೀನಾದವರು ಔಷಧಿಗೆಂದು ನಮ್ಮ ಜಿನ್ಸೆಂಗ್ ಬೇರು ಕೊಳ್ಳುತ್ತಿಲ್ಲ, ಇನ್ನು ಕಾದು ಉಪಯೋಗವಿಲ್ಲ. ಸಗಟಾಗಿ ಬೇರು ಕೊಳ್ಳುವ ಲಾರಿಯವನು ಶನಿವಾರ ಯಂತ್ರ ತಂದು ತೋಟವನ್ನೆಲ್ಲ ಅಗೆದುಕೊಂಡು ಹೋಗುತ್ತಾನೆ, ಕೊಟ್ಟಷ್ಟು ತೆಗೆದುಕೋ, ಮನೆ ಬಿಟ್ಟು ಅಮ್ಮನನ್ನು ಕರೆದುಕೊಂಡು ನೆಬ್ರಾಸ್ಕಾಕ್ಕೆ ಬಾ. ಮಾಂಸದ ಕಾರ್ಖಾನೆಯಲ್ಲಿ ನನಗೂ ಕೆಲಸ ಕೇಳಿಟ್ಟಿದ್ದೀರಿ. ಇದಕ್ಕೆ ಉತ್ತರ ಬರೆಯಲೆಂದೇ ಬೆಳಗಿನಿಂದ ಮೂರು ಸಲ ಕೂತು ಮೂರು ಸಲ ಎದ್ದಿದ್ದೇನೆ. ಗುರುವಾರದ ಸಭೆಯ ವಿಷಯ ಹೇಳದೆ ಉತ್ತರ ಹೇಳಲು ನನಗೆ ಬರುವುದಿಲ್ಲ. ಸ್ವಲ್ಪ ತಾಳ್ಮೆಯಿಂದ ಓದಿ.

ನೀವು ಹೋದ ಮೇಲೆ ನನಗೆ ಒಂದು ಕಡೆ ಕೂರಲಾಗುವುದಿಲ್ಲ. ಒಲೆಯ ಮೇಲೆ ಅನ್ನವಿಟ್ಟು ತೋಟಕ್ಕೆ ಹೋಗುತ್ತೇನೆ, ತೋಟದಲ್ಲಿ ನಿಂತಾಗ ಒಲೆ ನೆನಪಾಗುತ್ತದೆ. ಅತ್ತೆ ದಿನವಿಡೀ ಟಿ.ವಿ. ಹಾಕಿಕೊಂಡಿರುತ್ತಾರೆ. ಬೆಳಿಗ್ಗೆ ಅಮೆರಿಕ ಚೀನಾ ಮಾತುಕತೆ ಅನ್ನುತ್ತದೆ, ಸಂಜೆಗೆ ಇನ್ನೊಂದು ಸುಂಕ ಅನ್ನುತ್ತದೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಮುಖ ನೋಡಿಯೇ ತಿಳಿದುಕೊಳ್ಳುತ್ತಾರೆ. "ಎರಡು ಕೋಣ ಕಾದಾಡಿದ್ರೆ ಸಾಯೋದು ಗಿಡ. ನೋಡೋಕೆ ಬೇರೆ ಕೂರಿಸ್ತಾರೆ ನಮ್ಮನ್ನ" ಎಂದು ಹೇಳಿ ಮತ್ತೆ ನೋಡುತ್ತಾರೆ. ಊರು ಬಿಡುವ ಮಾತೆತ್ತಿದರೆ ಮಾವನ ಸಮಾಧಿ ಇರುವ ಗುಡ್ಡದ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ.

ಸಭೆ ನಡೆದದ್ದು ಗ್ರಂಥಾಲಯದಲ್ಲಿ. ಸಂಜೆ ನಮಗೆ ಇಂಗ್ಲಿಷ್ ಹೇಳಿಕೊಡುವ ಬೆತ್ ನಿಮಗೆ ಗೊತ್ತಲ್ಲ, ಅವಳೇ ಮಾಡಿಸಿದ್ದು. ಅಮೆರಿಕಕ್ಕೂ ಚೀನಾಕ್ಕೂ ಏನಾಗುತ್ತಿದೆ ಎಂದು ಊರಿನವರೇ ಕೂತು ಮಾತಾಡಬೇಕಂತೆ, ಭಾಷಣ ಬೇಡವಂತೆ. ಚೀನಾಕ್ಕೂ ತಮ್ಮ ಮನೆಗೂ ನಂಟಿರುವ ಒಂದೊಂದು ವಸ್ತುವನ್ನು ಎಲ್ಲರೂ ತರಬೇಕು ಎಂದಿದ್ದಳು. ಒಂದು ಒಳ್ಳೆಯ ಬೇರು ತಂದರೆ ಬಾಗಿಲ ಹತ್ತಿರದ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇನೆ, ಕೆಳಗೆ ನಿನ್ನ ಹೆಸರು ಬರೆಯುತ್ತೇನೆ ಎಂದು ನನಗೆ ಬೇರೆಯಾಗಿ ಹೇಳಿದ್ದಳು. ನನ್ನ ಹೆಸರು ಎಲ್ಲಿಯೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ. ಆಸೆಯಾಯಿತು.

ಗುರುವಾರ ಮಧ್ಯಾಹ್ನ ಒಂದು ಬೇರು ಅಗೆದೆ. ಎರಡು ಕಾಲು, ಒಂದು ಮೋಟು ಕೈ, ಥೇಟ್ ನಮ್ಮ ಪಕ್ಕದ ಮನೆಯ ಮುದುಕನ ಹಾಗಿತ್ತು. ಅತ್ತೆ ನೋಡಿ, "ಆ ದೊಡ್ಡೋರ ಮುಂದೆ ಹೀಗೆ ಮಣ್ಣು ಮೆತ್ತಿದ್ದನ್ನ ಇಡ್ತೀಯಾ? ನಮ್ಮ ಹ್ಮಾಂಗ್ ಜನ ಕೊಳಕರು ಅಂತ ಆಡ್ಕೊಳಲ್ವಾ? ತೊಳಿ" ಎಂದರು. ತೊಳೆದೆ. ಮತ್ತೂ ಗೆರೆಗೆರೆಯಲ್ಲಿ ಕಪ್ಪು ಉಳಿದಿತ್ತು. ನೀವು ಬಿಟ್ಟುಹೋದ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡು ಒಂದೊಂದು ಗೆರೆಯನ್ನೂ ತಿಕ್ಕಿದೆ. ಬೇರು ಮೂಲಂಗಿಯ ಹಾಗೆ ಬೆಳ್ಳಗಾಯಿತು. ನಕ್ಕುಬಿಡಿ, ನೀವು ನಗುತ್ತೀರೆಂದು ಗೊತ್ತು. ಬೇರೆಯವರ ತೋಟಕ್ಕೆ ಕೂಲಿಗೆ ಹೋದಾಗ ಬೇರು ತೊಳೆಯುವುದು ಪ್ರತಿ ಸಲ ನಿಮ್ಮ ಕೆಲಸವೇ ಆಗಿತ್ತು. ನಾನು ಅಗೆಯುವವಳು, ಒಣಹಾಕುವವಳು.

ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ನಾನು ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದೆ. ಕಾಲೇಜಿನಿಂದ ಬಂದಿದ್ದ ಮೇಷ್ಟ್ರು ಒಂದು ನಕ್ಷೆ ತೋರಿಸಿ, ಎರಡು ಸರ್ಕಾರಗಳು ಯಾಕೆ ಮುನಿಸಿಕೊಂಡಿವೆ ಎಂದು ನಿಧಾನವಾಗಿ ಹೇಳಿದರು. ಒಳ್ಳೆಯವರು, ನನಗೂ ಅರ್ಧ ತಿಳಿಯಿತು. ಇದು ಯಾವಾಗ ಮುಗಿಯುತ್ತದೆ ಎಂದು ಒಬ್ಬರು ಕೇಳಿದ್ದಕ್ಕೆ, ನನಗೆ ತಿಳಿಯದು, ತಿಳಿದಿದೆ ಎನ್ನುವವರನ್ನು ನಂಬಬೇಡಿ ಎಂದರು. ಆಮೇಲೆ ವಸ್ತುಗಳನ್ನು ತೋರಿಸುವುದು ಶುರುವಾಯಿತು. ಒಬ್ಬರು ಮುಷ್ಟಿ ಸೋಯಾ ಕಾಳು ತಂದಿದ್ದರು. ಒಬ್ಬ ಹೆಂಗಸು ಚೀನಾದಿಂದ ದತ್ತು ತಂದ ಮಗಳ ಫೋಟೋ ತಂದಿದ್ದಳು. ಮುಚ್ಚಿಹೋದ ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಾತ ತನ್ನ ಹಳೆಯ ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದ.

ಅಲ್ಲಿ ಕ್ವಾನ್ ಅಮ್ಮನೂ ಇದ್ದರು. ಪ್ರತಿ ಶರತ್ಕಾಲದಲ್ಲೂ ಹಾಂಗ್‌ಕಾಂಗಿನ ಅಂಗಡಿಗಳಿಗಾಗಿ ನಮ್ಮ ಕಡೆಯ ಬೇರು ಕೊಳ್ಳುತ್ತಿದ್ದ ಅದೇ ಕ್ವಾನ್ ಅಮ್ಮ. ನಮ್ಮ ಹತ್ತಿರ ಅವರು ಎಂದೂ ಬಂದಿರಲಿಲ್ಲ, ದೊಡ್ಡ ತೋಟದವರ ಹತ್ತಿರವೇ. ಅವರು ಬರಿಗೈ ತೋರಿಸಿ, ನಾನೇನೂ ತಂದಿಲ್ಲ, ಇಪ್ಪತ್ತು ವರ್ಷದಿಂದ ಇಲ್ಲಿಂದ ತೆಗೆದುಕೊಂಡು ಹೋಗುವುದೇ ನನ್ನ ಕಸುಬು ಎಂದರು. ಕೆಲವರು ನಕ್ಕರು. ಹೆಲ್ಮೆಟ್ಟಿನವನು ನಗಲಿಲ್ಲ. ಹೌದು, ನಿಮ್ಮವರು ನಮ್ಮ ಕೆಲಸವನ್ನೂ ಹೀಗೆಯೇ ತೆಗೆದುಕೊಂಡು ಹೋದರು ಎಂದ.

ಕ್ವಾನ್ ಅಮ್ಮ ಅವನ ಕಡೆ ತಿರುಗಿದರು. ಸಿಟ್ಟಿಗಿಂತ ಹೆಚ್ಚಾಗಿ ದಣಿದಿದ್ದರು. "ನಮ್ಮೋರು ಅಂದ್ರೆ ಯಾರಪ್ಪ? ಅಲ್ಲಿ ಚೀನಾ ಬಂದರಲ್ಲಿ ನನ್ನ ಪೆಟ್ಟಿಗೆ ತಡೆದು ಕೂರಿಸಿರೋರು ನನ್ನನ್ನ ಅಮೆರಿಕದೋಳು ಅಂತಾರೆ. ಇಲ್ಲಿ ಪೆಟ್ರೋಲ್ ಹಾಕಿಸೋಕೆ ನಿಂತ್ರೆ ನಿನ್ನ ದೇಶಕ್ಕೆ ಹೋಗು ಅಂತಾರೆ. ಯಾವ ದೇಶ ಅಂತ ನೀವೂ ಅವ್ರೂ ಕೂತು ತೀರ್ಮಾನ ಮಾಡಿ ಹೇಳಿ, ಹೋಗ್ತೀನಿ" ಎಂದರು.

ಅಂಥ ಹೊತ್ತಿನಲ್ಲಿ ಬೆತ್ ನನ್ನ ಹೆಸರು ಕರೆಯಬೇಕೆ! ಕರವಸ್ತ್ರ ಬಿಚ್ಚಿ ಬೇರನ್ನು ಮೇಜಿನ ಮೇಲಿಟ್ಟೆ. ಕಲಿತುಕೊಂಡು ಹೋಗಿದ್ದ ಎರಡು ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಕ್ವಾನ್ ಅಮ್ಮ ಬೇರನ್ನು ಕೈಗೆತ್ತಿಕೊಂಡರು, ತಿರುಗಿಸಿದರು, ಕಣ್ಣ ಹತ್ತಿರ ತಂದರು. "ಯಾರಮ್ಮ ಇದಕ್ಕೆ ಮದುವಣಗಿತ್ತಿ ಸ್ನಾನ ಮಾಡಿಸಿದೋರು?" ಎಂದು ಕೇಳಿದರು. ಆಮೇಲೆ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು. ಬೇರಿನ ಗೆರೆಗಳಲ್ಲಿ ಮಣ್ಣು ಉಳಿದಿರಬೇಕಂತೆ, ಅಂಗಡಿಯ ಗಿರಾಕಿ ಆ ಮಣ್ಣನ್ನು ನೋಡಿಯೇ ಕೊಳ್ಳುವುದಂತೆ. ಇಷ್ಟು ಬೆಳ್ಳಗಿದ್ದರೆ ಯಾರೂ ಮುಟ್ಟುವುದಿಲ್ಲ, ಮಾರುವುದಕ್ಕೂ ಬಾರದು, ತೋರಿಸುವುದಕ್ಕೂ ಬಾರದು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಗಾಜಿನ ಪೆಟ್ಟಿಗೆಯೂ ಹೋಯಿತು, ಹೆಸರೂ ಹೋಯಿತು. ಅಷ್ಟರಲ್ಲಿ ಅವರೇ, "ಇನ್ನು ಇದನ್ನ ತಿನ್ನೋದೇ ಸರಿ" ಎಂದು ಬೆತ್‌ಳ ಹತ್ತಿರ ಚಾಕು ಕೇಳಿದರು.

ತೆಳ್ಳಗೆ ಬಿಲ್ಲೆ ಕೊಯ್ದು ತಟ್ಟೆಯಲ್ಲಿ ಸುತ್ತಿಸಿದರು. ಎಲ್ಲರೂ ತಟ್ಟೆ ನೋಡುತ್ತಾರೆ, ಕೈ ಹಾಕುವವರಿಲ್ಲ. ನಮಗೆ ನೆಲ ಗುತ್ತಿಗೆಗೆ ಕೊಟ್ಟಿರುವ ರಾಡ್ಕಿ ಮುದುಕನ ಹತ್ತಿರ ಬಂದಾಗ ಆತ ತಟ್ಟೆಯನ್ನು ಮುಂದಕ್ಕೆ ದಾಟಿಸಲು ಹೋದ. ಬಿಡಪ್ಪ, ನಿನಗೆ ಬೇಸರ ಬಂದಿರುತ್ತದೆ, ದಿನಾ ತಿಂದವನು ನೀನು ಎಂದು ಯಾರೋ ಛೇಡಿಸಿದರು. ಮುದುಕ ಕೆಂಪಗಾದ. "ನಾನೊಂದು ದಿನಾನೂ ತಿಂದಿಲ್ಲ" ಎಂದ. "ಹಂದಿಗೆ ಹಾಕೋ ಹಿಟ್ಟನ್ನೂ ನಾಲಿಗೆ ಮೇಲಿಟ್ಟು ನೋಡ್ತೀನಿ. ಇದನ್ನ ಮಾತ್ರ ನೋಡಿಲ್ಲ. ಇದು ನಮಗಲ್ಲ, ಅವರಿಗೆ ಅಂತ ಬೆಳೆದೆ."

ಬಾಯಿಗೆ ಹಾಕಿಕೊಂಡ. ಮುಖ ಕಿವುಚಿದ. "ಇದಕ್ಕೋಸ್ಕರ ನಾನು ನಲವತ್ತು ವರ್ಷ ಮಂಡಿಯೂರಿದ್ನಾ?" ಎಂದ ನೋಡಿ, ಇಡೀ ಕೋಣೆ ನಕ್ಕಿತು, ಮೇಷ್ಟ್ರು ಕೂಡ. ಕ್ವಾನ್ ಅಮ್ಮ ಮಾತ್ರ ನಗದೆ, ಉಗುಳಬೇಡಿ, ಅಗಿಯುತ್ತಾ ಇರಿ ಎಂದು ಕೈ ತೋರಿಸಿದರು. ಎಲ್ಲರೂ ಅಗಿಯುತ್ತಾ ಕೂತೆವು. ಅಷ್ಟು ಜನ ಒಬ್ಬರ ಮುಖ ಒಬ್ಬರು ನೋಡುತ್ತಾ ಅಗಿಯುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ಮೊದಲು ಬಾಯಿಬಿಟ್ಟವನು ಹೆಲ್ಮೆಟ್ಟಿನವನು. "ಕಹಿ ಹೋಯ್ತು" ಎಂದ. ಇನ್ನಷ್ಟು ಅಗಿದು, ಕ್ವಾನ್ ಅಮ್ಮನ ಕಡೆ ನೋಡದೆಯೇ, ಸಿಹಿಯಾಗುತ್ತಿದೆ ಎಂದ.

ನಾನೂ ಮೊದಲ ಸಲ ತಿಂದದ್ದು, ನೆಂಗ್. ನಾಲ್ಕು ವರ್ಷ ನಮ್ಮ ಬೆನ್ನು ಬಗ್ಗಿಸಿದ್ದರ ರುಚಿ ನನಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿಲ್ಲ.

ಇನ್ನು ಒಂದು ತಪ್ಪೊಪ್ಪಿಗೆ. ರಾಡ್ಕಿ ಮುದುಕ ಎಲ್ಲರೆದುರಿಗೆ, ನಿನ್ನ ಗಂಡ ಎಲ್ಲಮ್ಮ, ಬೇಸಿಗೆಯಿಂದ ಕಾಣಿಸಲೇ ಇಲ್ಲ ಎಂದು ಕೇಳಿದ. ಚಳಿಗಾಲದ ಕೆಲಸಕ್ಕೆಂದು ಹೋಗಿದ್ದಾರೆ, ವಸಂತಕ್ಕೆ ಮೊದಲೇ ಬರುತ್ತಾರೆ ಎಂದೆ. ಎಂಥ ಸುಳ್ಳು. ಆದರೆ ಅಷ್ಟು ಜನರ ಮುಂದೆ ತಡವರಿಸದೆ ಬಂದ ಇಂಗ್ಲಿಷ್ ಅದೊಂದೇ.

ಅದರಿಂದ ಏನಾಯಿತೆಂದರೆ, ಸಭೆ ಮುಗಿದು ಹೊರಗೆ ಬಂದಾಗ ಮುದುಕ ಕಾರಿನ ಹತ್ತಿರ ಕಾದಿದ್ದ. ಜಿನ್ಸೆಂಗ್ ಬೆಳೆದ ಮಣ್ಣು ಅದನ್ನು ಇನ್ನೊಂದು ಸಲ ಬೆಳೆಯುವುದಿಲ್ಲವಲ್ಲ, ಅವನ ಹೊಲದಲ್ಲೆಲ್ಲ ಒಂದೊಂದು ಸಲ ಬೆಳೆದಾಗಿದೆ. ಹೊಸದಾಗಿ ಬಿತ್ತಲು ಉಳಿದಿರುವುದು ಹಿಂದಿನ ಕುದುರೆ ಮೇಯುವ ಜಾಗ ಒಂದೇ. ಅದನ್ನು ಮನೆ ಕಟ್ಟುವವರಿಗೆ ಮಾರುತ್ತೇನೆಂದು ಹೇಳುತ್ತಿದ್ದವನು, "ನಿನ್ನ ಗಂಡ ಬಂದು ಬಾಯಿಬಿಟ್ಟು ಕೇಳಲಿ. ವಸಂತದವರೆಗೂ ಆ ನೆಲ ಯಾರಿಗೂ ಕೊಡಲ್ಲ. ಆಮೇಲೆ ನನ್ನ ಬೈಬೇಡಿ" ಎಂದ.

ಕ್ವಾನ್ ಅಮ್ಮ ನನ್ನ ಕೈ ಹಿಡಿದು, ಬೇರು ಎಷ್ಟು ವರ್ಷದ್ದು ಎಂದು ಕೇಳಿದರು. ನಾಲ್ಕು ಎಂದೆ. ಈ ವರ್ಷ ತಾನು ಯಾರಿಂದಲೂ ಒಂದು ಬೇರನ್ನೂ ಕೊಳ್ಳಲಾರೆ, ಐದನೆಯ ವರ್ಷಕ್ಕೆ ಬಿಟ್ಟರೆ ಬಂದು ನೋಡುತ್ತೇನೆ ಎಂದರು. "ಬರ್ತೀನಿ ಅಂತ ಮಾತು ಕೊಡ್ತೀನಿ. ಬೆಲೆಗೆ ಮಾತು ಕೊಡಲ್ಲ. ಅದು ನಿನ್ನ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ" ಎಂದರು.

ಇದನ್ನೆಲ್ಲ ನೀವು ಹೇಗೆ ಓದುತ್ತೀರಿ ಎಂದು ಊಹಿಸಬಲ್ಲೆ. ಐದನೆಯ ವರ್ಷ ಕೊಳೆ ರೋಗ ಬಿದ್ದರೆ ಬೇರು ಮಣ್ಣಿನಲ್ಲೇ ಕರಗುತ್ತದೆ, ಲಾರಿಯವನು ಕೊಡುವಷ್ಟೂ ಸಿಗುವುದಿಲ್ಲ. ಗೊತ್ತು. ಆ ಭಯ ನನಗೂ ಇದೆ. ನೀವು ಅಲ್ಲಿ ತಣ್ಣನೆಯ ಕೋಣೆಯಲ್ಲಿ ದಿನವಿಡೀ ಚಾಕು ಹಿಡಿದು ನಿಂತು, ಬೆರಳು ಮಡಚಲಾಗದೆ ಮಲಗುವುದನ್ನು ಅತ್ತೆಗೆ ಹೇಳಿದ್ದೀರಿ, ನನಗೆ ಹೇಳಲಿಲ್ಲ. ಅದೂ ಗೊತ್ತು. ನೀವು ಸಿಟ್ಟಿನಿಂದ ಹೋದಿರಿ ಎಂದು ಬೇಸಿಗೆಯೆಲ್ಲ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ತೋಟ ಸಾಯುವುದನ್ನು ನೋಡಲಾರದೆ ಹೋದಿರಿ.

ತೋಟ ಸತ್ತಿಲ್ಲ. ಎಲೆ ಹಳದಿಯಾಗಿ ಉದುರಿದೆ, ಅಷ್ಟೆ. ಅದು ಪ್ರತಿ ವರ್ಷ ಉದುರುವುದೇ ಅಲ್ಲವೇ?

ಕಾಗದದ ಜೊತೆ ಸಣ್ಣ ಪೊಟ್ಟಣವಿದೆ. ಆ ಬೇರಿನಲ್ಲಿ ಉಳಿದ ತುಂಡು, ಮೋಟು ಕೈ. ಒಣಗಿರುತ್ತದೆ, ಬಾಯಲ್ಲಿ ಸ್ವಲ್ಪ ನೆನೆಯಲು ಬಿಡಿ. ಮೊದಲು ಕಹಿ ಬರುತ್ತದೆ. ಉಗುಳಬೇಡಿ.

ಅತ್ತೆ ಚೆನ್ನಾಗಿದ್ದಾರೆ. ಮಗ ಬೆಚ್ಚಗಿನ ಸಾಕ್ಸ್ ಹಾಕಿಕೊಳ್ಳುತ್ತಾನೋ ಇಲ್ಲವೋ ಕೇಳು ಎಂದರು. ಕೇಳಿದ್ದೇನೆ.

ನಿಮ್ಮ
ಶುವಾ

ಇನ್ನೊಂದು ಮಾತು: ಲಾರಿಯವನು ನಿನ್ನೆ ಬಂದಿದ್ದ. ಇಷ್ಟುದ್ದ ಬರೆದರೂ ಅದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವನನ್ನು ಗೇಟಿನಲ್ಲೇ ನಿಲ್ಲಿಸಿ ವಾಪಸ್ ಕಳಿಸಿದೆ. ಗಂಡಸರು ಯಾರಾದರೂ ಇದ್ದರೆ ಕರಿ ಎಂದ. ಅತ್ತೆ ಊರುಗೋಲು ಹಿಡಿದು ಹೊರಗೆ ಬಂದು ನಿಂತರು, ಹೋದ. ಈ ದಿನ ಬೆಳಿಗ್ಗೆ ನಾವಿಬ್ಬರೂ ಸೇರಿ ಹಿಮಕ್ಕೆ ಮೊದಲು, ಬೇರು ಚಳಿಗೆ ಸಾಯದಿರಲೆಂದು, ತೋಟಕ್ಕೆ ಗೋಧಿ ಹುಲ್ಲು ಹೊದಿಸಿದೆವು. ಗೇಟಿನ ಪಕ್ಕದ ಮೊದಲ ಮಡಿಗೆ ಮಾತ್ರ ಹೊದಿಸಿಲ್ಲ. ಅದು ನೀವು ಕೈಯಾರೆ ಬಿತ್ತಿದ್ದು. ಹುಲ್ಲಿನ ಕಟ್ಟು ಅದರ ಪಕ್ಕದಲ್ಲೇ ಇಟ್ಟು ಬಂದಿದ್ದೇನೆ.