ನಲವತ್ತೊಂದನೆಯ ಟಗರು

ಜನವರಿ ೧೪, ಮಂಗಳವಾರ

ಗಂಟು ಇನ್ನೂ ಇದೆ. ನನ್ನ ಎಡಬೀಜದಲ್ಲಿ, ಬಟಾಣಿಯಷ್ಟು, ಗಟ್ಟಿ. ನೋವಿಲ್ಲ. ಇಂದಿಗೆ ಒಂಬತ್ತು ವಾರ.

ಇಂದು ಟಗರು ನೋಡುವ ದಿನ. ಹೆಣ್ಣುಕುರಿಗಳ ಜೊತೆ ಬಿಡುವ ಮುಂಚೆ ಅಪ್ಪ ಪ್ರತಿಯೊಂದರ ಬೀಜವನ್ನೂ ಒತ್ತಿ ನೋಡುತ್ತಾನೆ. ಸಾಹಿತ್ಯ ಓದಿ ಬಂದ ನನಗೆ ಪಟ್ಟಿ ಬರೆಯುವ ಕೆಲಸ. ನಲವತ್ತೊಂದನೆಯದಕ್ಕೆ ಅವನ ಬೆರಳು ನಿಂತಿತು.

"ಗಂಟೈತೆ. ಫೋನ್ ಕೊಡಿಲ್ಲಿ."

"ನೋವಿಲ್ವಲ್ಲಪ್ಪಾ, ಒಂದ್ ತಿಂಗ್ಳು ನೋಡಿದ್ರೆ?"

"ನೋವಿಲ್ದೆ ಇರೋದೇ ಕೆಟ್ಟದ್ದು ಕಣೋ, ಪುಸ್ತಕದ ಹುಳ!"

ಡಿಸೆಂಬರಿನಲ್ಲಿ ನನ್ನ ಗಂಟಿನ ವಿಷಯ ಹೇಳಿದಾಗ ಇದೇ ಬಾಯಿ, "ಕ್ರಿಕೆಟ್ ಚೆಂಡು ತಾಗಿರ್ಬೇಕು. ನೋವಿಲ್ಲ ತಾನೆ? ಬಿಡು. ಡಾಕ್ಟ್ರ ಮುಂದೆ ಚಡ್ಡಿ ಬಿಚ್ತೀಯಾ?" ಎಂದಿತ್ತು. ನಾನು ಬ್ಯಾಟು ಹಿಡಿದು ಆರು ವರ್ಷವಾಯಿತು. ಆದರೂ ಬಿಟ್ಟೆ. ಹತ್ತಿರದ ಪೇಟೆ ಹ್ಯಾಮಿಲ್ಟನ್ನಿನ ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳುವವಳು ನನ್ನ ಸಹಪಾಠಿಯ ತಾಯಿ. ಅಪ್ಪ ಹೋಗುವುದು ಬೇಡವೆಂದಾಗ ನನಗೆ ಹಾಯೆನಿಸಿತ್ತು. ಅದೇ ಈಗ ಕಹಿ.

ಪಶುವೈದ್ಯೆ ಮೆರಿನ್ ನಾಲ್ಕು ಗಂಟೆಗೇ ಬಂದಳು. ಕೈ ತೊಳೆಯುತ್ತಿದ್ದವಳನ್ನು ಕೇಳಿದೆ, "ಮನುಷ್ಯರಿಗಾದ್ರೆ?"

ಅವಳು ನನ್ನ ಮುಖವನ್ನೇ ನೋಡಿದಳು. "ಸಿಕ್ಕಿದ ದಿನವೇ ಡಾಕ್ಟ್ರಿಗೆ ಫೋನ್ ಮಾಡ್ಬೇಕು, ಮಾರಾಯ. ಎಷ್ಟೋ ಗಂಟು ಏನೂ ಆಗಿರಲ್ಲ. ಆದ್ರೆ ಅದು ನಿಂಗೂ ಗೊತ್ತಾಗಲ್ಲ, ನಿಮ್ಮಪ್ಪಂಗೂ ಗೊತ್ತಾಗಲ್ಲ. ಸ್ಕ್ಯಾನ್ ಮಾಡಿಸ್ಬೇಕು."

ಟಗರನ್ನು ಹಿಡಿದಿದ್ದ ಅಪ್ಪ ತಲೆ ಎತ್ತಲಿಲ್ಲ.

ಅವಳೆದುರೇ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ನಾಳೆ ಒಂಬತ್ತೂವರೆಗೆ ಬರಹೇಳಿದರು.

ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತ, "ನಾನೂ ಬರ್ಲಾ?" ಎಂದ. ಬೇಡವೆಂದೆ. ಅವನ ಮುಖ ಸಪ್ಪಗಾಯಿತು. ನೋಡಿ ಸಂತೋಷವೇ ಆಯಿತು. ಈಗ ಮಲಗಿದರೆ, ಬಾ ಎನ್ನಬಹುದಿತ್ತು ಎಂದು ಅನಿಸುತ್ತಿದೆ.