ವೈನಿ ಹೂಂ ಅನ್ನುವವರೆಗೆ ಎತ್ತಬೇಡ

ನಾಗಪುರ
ಮಂಗಳವಾರ, ೧೧ ನವೆಂಬರ್ ೨೦೨೫

ಪ್ರೀತಿಯ ಬಸವಂತಣ್ಣಾ,

ಕ್ಷೇಮ ಕೇಳುವ ಮೊದಲೇ ಕನಸು ಹೇಳುತ್ತಿದ್ದೇನೆ, ಬಯ್ಯಬೇಡ. ನಿನ್ನೆ ಬೆಳಗಿನ ಡ್ಯೂಟಿ ಮುಗಿಸಿ ಬಂದು, ಉಂಡು, ಸ್ವಲ್ಪ ಅಡ್ಡಾದೆ. ಕಣ್ಣು ಹತ್ತಿದ್ದೇ ತಡ, ನಿಮ್ಮ ಮುಧೋಳದ ಮನೆ ಬಂತು. ನಾನು ಕಳಿಸಿದ ಗಾಲಿಕುರ್ಚಿ ಪಡಸಾಲೆಯಲ್ಲಿ ನಿಂತಿದೆ. ನೀನು ನಿನ್ನ ಹೆಂಡತಿಯನ್ನು, ನಮ್ಮ ವೈನಿಯನ್ನು, ಮಂಚದಿಂದ ಎತ್ತಿ ಅದರಲ್ಲಿ ಕೂರಿಸುತ್ತಿದ್ದೀ. ಇನ್ನೇನು ಕೂರಬೇಕು ಅನ್ನುವಷ್ಟರಲ್ಲಿ ಕುರ್ಚಿ ತಾನಾಗಿ ಹಿಂದೆ ಹಿಂದೆ ಸರಿಯಿತು, ಯಾರೋ ಕರೆದ ಹಾಗೆ. ನಾನು ಬಾಗಿಲಲ್ಲಿ ನಿಂತು ಕೂಗುತ್ತೇನೆ, ದನಿಯೇ ಬರುತ್ತಿಲ್ಲ. ಎಚ್ಚರವಾದಾಗ ದಿಂಬನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ.

ಈಗ ಹೇಳು, ನಿನ್ನ ಸೊಂಟ ಹೇಗಿದೆ? ಡಾಕ್ಟರು ಕೊಟ್ಟ ಮಾತ್ರೆಯನ್ನು ಉಂಡ ಮೇಲೆ ನುಂಗುತ್ತೀಯೋ, ಇಲ್ಲ ಹಳೆಯ ಚಟದ ಹಾಗೆ ಬರೀ ಚಹದ ಮೇಲೋ? ವೈನಿಗೆ ಊಟ ಸೇರುತ್ತಿದೆಯೇ? ಎಡಗಾಲಿನ ಹೆಬ್ಬೆರಳು ಅಲ್ಲಾಡಿತು ಎಂದು ನಿನ್ನ ಮಗ ಧನಂಜಯ ಫೋನಿನಲ್ಲಿ ಹೇಳಿದಾಗ ನಾನು ಮೆಟ್ರೋದಲ್ಲಿದ್ದೆ. ಅಲ್ಲೇ ಕಣ್ಣೀರು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೋ ಕೆಟ್ಟ ಸುದ್ದಿ ಎಂದುಕೊಂಡು ನನ್ನ ಬೆನ್ನು ಸವರಿದಳು. ಒಳ್ಳೆಯ ಸುದ್ದಿ ಎಂದು ಹೇಳಲು ನನಗೆ ಸೀತಾಬರ್ಡಿ ಸ್ಟೇಶನ್ನಿನವರೆಗೆ ಹಿಡಿಯಿತು.

ಮುಂದಿನ ಸೋಮವಾರ ವೈನಿಯನ್ನು ಆಸ್ಪತ್ರೆಯಿಂದ ಮನೆಗೆ ಬಿಡುತ್ತಾರಂತೆ. ನನಗೆ ರಜೆ ಸಿಕ್ಕಿರುವುದು ಆ ವಾರದ ಗುರುವಾರದಿಂದ, ನಿಮ್ಮಲ್ಲಿ ಮುಟ್ಟುವುದು ಶುಕ್ರವಾರ. ನಿನ್ನ ಮಗನದು ಸಕ್ಕರೆ ಕಾರ್ಖಾನೆಯ ಡ್ಯೂಟಿ, ಸಂಜೆಗೇ ಮನೆಗೆ ಬರುವುದು. ಹಾಗಾದರೆ ಮಂಗಳವಾರದಿಂದ ಮೂರು ದಿನ ಹಗಲೆಲ್ಲ ನೀನೊಬ್ಬನೇ. ಆ ಮೂರು ದಿನದ ಚಿಂತೆಗೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಇನ್ನರ್ಧಕ್ಕೆ ಹೂಂ ಹೂಂ ಎಂದು ಇಟ್ಟುಬಿಡುತ್ತೀ. ಕಾಗದವಾದರೆ ಗೋಡೆಗೆ ಹಚ್ಚಿಕೊಳ್ಳಬಹುದು. ನಾನು ಕಲಿತದ್ದು ಮುಧೋಳದ ಶಾಲೆಯ ನಾಲ್ಕನೇ ಇಯತ್ತೆ. ಅಪ್ಪನ ಕೆಲಸಕ್ಕೆಂದು ಇಲ್ಲಿಗೆ ಬಂದ ಮೇಲೆ ಮರಾಠಿ ಶಾಲೆಯಲ್ಲಿ ಏನೂ ತಿಳಿಯದೆ ಬಿಟ್ಟೆ. ಆದ್ದರಿಂದ ತಪ್ಪು ಕಂಡರೆ ನಕ್ಕು ಮುಂದೆ ಓದು.

ಹೋದ ವಾರ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. “ನೂರು ಕಿಲೋ ಚೀಲ ಹೊತ್ತವಗ ನಿಮ್ಮ ವೈನಿ ಭಾರ ಆಗ್ತಾಳೇನ? ನೀ ಏನ್ ನನಗ ಹಮಾಲಿ ಕಲಸ್ತಿ?” ಎಂದೆ. ಅಣ್ಣಾ, ಇಲ್ಲಿಯ ಕಳಮನಾ ಮಾರ್ಕೆಟ್ಟಿನಲ್ಲಿ ಇಪ್ಪತ್ತೆರಡು ವರ್ಷ ಚೀಲ ಹೊತ್ತು ನಮ್ಮನ್ನೆಲ್ಲ ಸಾಕಿದವನು ನೀನು. ನಿನಗೆ ಕಲಿಸಲು ನಾನು ಯಾರು? ಆದರೆ ಚೀಲಕ್ಕೂ ಮನುಷ್ಯರಿಗೂ ಒಂದು ಫರಕು ಇದೆ. ಚೀಲ ಹೆದರುವುದಿಲ್ಲ. ಇಷ್ಟು ತಿಳಿಯಲು ನಾನು ನನ್ನ ಬೆನ್ನನ್ನು ಕೊಟ್ಟಿದ್ದೇನೆ. ನಿನ್ನ ಹತ್ತಿರ ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ.

ನಮ್ಮ ಧರಮಪೇಠದ ಆಸ್ಪತ್ರೆಯಲ್ಲಿ ಜುಲೈಯಿಂದ ಒಬ್ಬರು ಅಜ್ಜ ಇದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ವಾರ್ಡಿನಲ್ಲಿ ಎಲ್ಲರೂ ಗಾರ್ಡ್ ಆಜೋಬಾ ಅನ್ನುತ್ತಿದ್ದೆವು. ವೈನಿಯ ಹಾಗೇ ಎಡಗಡೆ ಲಕ್ವಾ. ಆದರೆ ಆಳು ಎತ್ತರ, ಅಗಲ. ನಾವು ಆಯಾಗಳು ಮೊದಲಿನಿಂದ ಮಾಡುತ್ತಿದ್ದದ್ದು ಒಂದೇ ರೀತಿ: ಪೇಶಂಟಿನ ಮುಂದೆ ಬಗ್ಗುವುದು, “ನನ್ನ ಕೊರಳು ಹಿಡಕೋರಿ” ಅನ್ನುವುದು, ಎತ್ತುವುದು. ಅದು ನಮಗೆ ಪ್ರೀತಿಯ ಹಾಗೆ ಕಾಣುತ್ತಿತ್ತು, ಮಗುವನ್ನು ಎತ್ತಿಕೊಂಡ ಹಾಗೆ. ಒಂದು ದಿನ ನನ್ನ ಜೊತೆಯ ಬೇಬಿತಾಈ ಚಹಕ್ಕೆ ಹೋಗಿದ್ದಳು. ನಾನೊಬ್ಬಳೇ ಎತ್ತಿದೆ. ಅರ್ಧಕ್ಕೆ ಬಂದಾಗ ಅಜ್ಜನಿಗೆ ಭಯವಾಯಿತು, ಮೈಯೆಲ್ಲ ಭಾರ ನನ್ನ ಕೊರಳಿಗೆ ಹಾಕಿ ಜೋತುಬಿದ್ದರು. ನನ್ನ ಬೆನ್ನಿನಲ್ಲಿ ಕಟ್ ಅಂತು. ಇಬ್ಬರೂ ಮೆಲ್ಲಗೆ ಜಾರಿ ನೆಲಕ್ಕೆ ಕೂತೆವು. ದೇವರ ದಯೆ, ಅವರಿಗೆ ಏನೂ ಆಗಲಿಲ್ಲ. ಅವರೇ ನನ್ನ ತಲೆ ಮುಟ್ಟಿ “ಮಾಫ್ ಕರ್ ಬೇಟಿ” ಎಂದರು. ಬಿದ್ದವರು ಅವರು, ಕೆಡವಿದವಳು ನಾನು, ಮಾಫಿ ಕೇಳಿದವರೂ ಅವರೇ.

ಅಜ್ಜ ಜಾರಿದ್ದನ್ನು ಸಿಸ್ಟರಿಗೆ ಹೇಳಿದೆ. ನನ್ನ ನೋವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ಇವಳ ಕೈಲಿ ಆಗುವುದಿಲ್ಲ ಎಂದು ಕೆಲಸದಿಂದ ತೆಗೆಯುತ್ತಾರೆ ಅನ್ನುವ ಹೆದರಿಕೆ. ಸೀರೆಯೊಳಗೆ ಬಟ್ಟೆ ಬಿಗಿದುಕೊಂಡು ಹದಿನೈದು ದಿನ ಓಡಾಡಿದೆ. ಒಂದು ದಿನ ಬಿದ್ದ ಚಮಚ ಎತ್ತಿಕೊಳ್ಳಲು ನಾನು ಮಂಚ ಹಿಡಿದು ಬಗ್ಗಿದ್ದನ್ನು ವ್ಯಾಯಾಮ ಮಾಡಿಸುವ ರಚನಾ ಮೇಡಮ್ಮು ನೋಡಿಬಿಟ್ಟರು. ಬಯ್ಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಇಷ್ಟೇ: “ಭಾನುಬಾಯಿ, ಕಬ್ ಸೇ?” ಯಾವಾಗಿನಿಂದ ನೋವು ಅಂತ. ನಾನು ಅತ್ತುಬಿಟ್ಟೆ. ಕೆಲಸ ಹೋಗಲಿಲ್ಲ ಅಣ್ಣಾ. ಒಂದು ತಿಂಗಳು ಎತ್ತುವ ಕೆಲಸ ತಪ್ಪಿಸಿ ಬಟ್ಟೆ ಮಡಚುವ ಕಡೆ ಹಾಕಿದರು. ಆಮೇಲೆ ಎಲ್ಲ ಆಯಾಗಳನ್ನೂ ವಾರ್ಡ್‌ಬಾಯ್‌ಗಳನ್ನೂ ಕೂರಿಸಿ ಮೊದಲಿನಿಂದ ಕಲಿಸಿದರು.

ನಮ್ಮಲ್ಲಿ ಪೇಶಂಟನ್ನು ಎತ್ತುವ ಮಶೀನು ಒಂದಿತ್ತು. ಎರಡು ವರ್ಷದಿಂದ ಮೂಲೆಯಲ್ಲಿ ನಿಂತು ನಮ್ಮ ಏಪ್ರನ್ ಒಣಗಿಸುವ ಕೆಲಸ ಮಾಡುತ್ತಿತ್ತು. ಅದನ್ನು ಒರೆಸಿ ಮೊದಲು ಗಾರ್ಡ್ ಆಜೋಬಾರನ್ನೇ ಜೋಳಿಗೆಯಲ್ಲಿ ಕೂರಿಸಿದೆವು. ಮೇಲಕ್ಕೆ ಹೋದ ಅಜ್ಜ ಕೈಬೀಸಿ “ಗಾಡಿ ಸುಟಲೀ!” ಎಂದು ಕೂಗಿದರು, ಗಾಡಿ ಬಿಟ್ಟಿತು ಎಂದು. ಇಡೀ ವಾರ್ಡು ನಕ್ಕಿತು. ಆಮೇಲೆ ಅವರೇ ಒಂದು ಕಾಯಿದೆ ಮಾಡಿದರು. ಗಾರ್ಡು ಹಸಿರು ಬಾವುಟ ತೋರಿಸದೆ ರೈಲು ಬಿಡುವ ಹಾಗಿಲ್ಲ. ಹಾಗೇ, ತಾನು ‘ಹೋ’ (ಮರಾಠಿಯಲ್ಲಿ ಹೂಂ) ಅನ್ನದೆ ತನ್ನನ್ನು ಯಾರೂ ಅಲುಗಿಸಬಾರದು. ಅಲ್ಲಿಂದ ಅವರಿಗೆ ಭಯ ಹೋಯಿತು, ನಮ್ಮ ಕೊರಳು ಹಿಡಿಯುವುದೂ ಹೋಯಿತು. ದೀಪಾವಳಿಗೆ ವಾಕರ್ ಹಿಡಿದು ತಾವೇ ನಡೆದು ಲಿಫ್ಟಿನವರೆಗೆ ಬಂದು ಮನೆಗೆ ಹೋದರು. ನನ್ನ ಬೆನ್ನೂ ಈಗ ಮುಕ್ಕಾಲು ಪಾಲು ಸರಿ. ಅಂಗಾತ ಮಲಗಬಲ್ಲೆ.

ನಿನ್ನ ಮನೆಗೆ ಮಶೀನು ಬರುವುದಿಲ್ಲ, ಗೊತ್ತು. ಅದಕ್ಕೆ ರಚನಾ ಮೇಡಮ್ಮಿಗೆ ನಿನ್ನ ಮನೆಯ ವಿಷಯವೆಲ್ಲ ಹೇಳಿ ಕೇಳಿಕೊಂಡಿದ್ದೇನೆ. ಅಲ್ಲಿಯ ಡಾಕ್ಟರಿಂದಲೂ ಸೋಮವಾರ ಒಮ್ಮೆ ಮಾಡಿಸಿ ನೋಡಿಕೋ. ಕುರ್ಚಿಯನ್ನು ವೈನಿಯ ಬಲಗಡೆ, ಗಟ್ಟಿ ಇರುವ ಕಡೆ, ಮಂಚಕ್ಕೆ ಹಚ್ಚಿ ಸ್ವಲ್ಪ ಓರೆಯಾಗಿ ನಿಲ್ಲಿಸು. ಕಾಲಿಡುವ ಹಲಗೆ ಮೇಲೆ ಮಡಚು. ವೈನಿ ಮಂಚದ ಅಂಚಿಗೆ ಬರಲಿ, ಎರಡೂ ಪಾದ ನೆಲ ಮುಟ್ಟಲಿ. ನೀನು ಕಳಮನಾದಲ್ಲಿ ಸೊಂಟಕ್ಕೆ ಬಿಗಿಯುತ್ತಿದ್ದ ಅಗಲ ಪಟ್ಟಿ ಇನ್ನೂ ಗೂಟಕ್ಕೇ ಇದೆಯಲ್ಲ? ಅದನ್ನು ಈಗ ನೀನು ಕಟ್ಟಿಕೊಳ್ಳಬೇಡ, ವೈನಿಯ ಸೊಂಟಕ್ಕೆ ಕಟ್ಟು. ಹಿಡಿಯುವುದು ಆ ಪಟ್ಟಿಯನ್ನು. ಎಡ ರಟ್ಟೆ ಹಿಡಿದು ಎಳೆದೀಯಾ, ಭುಜ ಕಳಚುತ್ತದೆ. ಮೊಣಕಾಲು ಬಗ್ಗಿಸು, ಬೆನ್ನು ಬೇಡ. ನಿನ್ನ ಮೊಣಕಾಲಿನಿಂದ ಅವರ ಎಡ ಮೊಣಕಾಲಿಗೆ ಆಧಾರ ಕೊಡು. ಸೊಂಟ ತಿರುವದೆ ಪಾದ ಕಿತ್ತಿಟ್ಟು ತಿರುಗು; ಲಾರಿಯ ಕೆಳಗೆ ನಿಂತು ಹೊಸ ಹುಡುಗರಿಗೆ ನೀನೇ ಕೂಗಿ ಹೇಳುತ್ತಿದ್ದ ಮಾತು, “ಪಾದ ತಿರಗಲಿ, ನಡಾ ಅಲ್ಲ!” ಅಂತ. ಬೇಬಿತಾಈಗೆ ಕಲಿಸುವಾಗ ಅದನ್ನೇ ನಾನು ಮರಾಠಿಯಲ್ಲಿ ಹೇಳಿದೆ. ಮೇಡಮ್ಮು ಎಲ್ಲಿ ಕಲಿತೆ ಎಂದು ಕೇಳಿದರು. ನಮ್ಮ ಅಣ್ಣ ಕಳಮನಾದವನು ಎಂದು ಜಂಬದಿಂದ ಹೇಳಿಕೊಂಡೆ.

ಹಾಸಿಗೆಯಲ್ಲಿ ಕೆಳಗೆ ಜಾರಿದ್ದರೆ ಒಬ್ಬನೇ ಕಂಕುಳಿಗೆ ಕೈಹಾಕಿ ಎಳೆಯಬೇಡ. ಹಳೆಯ ನೈಲಾನ್ ಸೀರೆ ಎರಡು ಪದರ ಮಾಡಿ ಮೈಕೆಳಗೆ ಸೇರಿಸಿ, ಧನಂಜಯ ಬಂದ ಮೇಲೆ ಇಬ್ಬರೂ ಸೇರಿ ಸರಿಸಿ. ನೀವು ಹಲಗೆಯ ಮೇಲೆ ಚೀಲ ಜಾರಿಸುತ್ತಿದ್ದಿರಲ್ಲ, ಹಾಗೆ. ಕೆಲಸ ಮುಗಿದ ಮೇಲೆ ಸೀರೆ ತೆಗೆದುಬಿಡು, ಇಲ್ಲದಿದ್ದರೆ ಮತ್ತೆ ಜಾರುತ್ತಾರೆ. ಏನೇ ಮಾಡು, ವೈನಿ ತಾವೇ ಹೂಂ ಅನ್ನುವವರೆಗೆ ಎತ್ತಬೇಡ. ಬೇಡ ಅಂದರೆ ಕೂತು ಒಂದು ಕಪ್ ಚಹ ಕುಡಿ. ಆಮೇಲೆ ಮತ್ತೆ ಕೇಳು.

ವೈನಿಗೆ ನನ್ನ ನಮಸ್ಕಾರ. ಧನಂಜಯನಿಗೆ ಆಶೀರ್ವಾದ. ಶುಕ್ರವಾರ ಬೆಳಿಗ್ಗೆ ನಿಮ್ಮ ಬಾಗಿಲಲ್ಲಿರುತ್ತೇನೆ, ಸಂತ್ರಾ ಹಣ್ಣು ತರುತ್ತೇನೆ. ಅಲ್ಲಿಯವರೆಗೆ ನಿನ್ನ ನಡಾ, ಅವರ ಭುಜ, ಎರಡೂ ನನ್ನ ಪಾಲಿನವೆಂದು ತಿಳಿದು ಕಾಪಾಡು.

ನಿನ್ನ ತಂಗಿ,
ಭಾನು

ತಾ.ಕ.: ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಆದರೆ ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ದಂಡ. ಆ ಕುರ್ಚಿ ನಮ್ಮ ಆಸ್ಪತ್ರೆ ತೆಗೆದುಹಾಕಿದ್ದು, ಮೇಟ್ರನ್ನರನ್ನು ಕೇಳಿ ತಂದದ್ದು. ಎಡ ಬ್ರೇಕು ಸಡಿಲ ಇತ್ತು. ಸೀತಾಬರ್ಡಿಯಲ್ಲಿ ಹೊಸ ನಟ್ಟು ಹಾಕಿಸಿದೆ, ಅಂಗಡಿಯಲ್ಲಿ ಮೂರು ಸಲ ನೋಡಿದೆ, ಎರಡು ಸಲ ಹಿಡಿಯಿತು, ಒಂದು ಸಲ ಜಾರಿತು. ಅಂಗಡಿಯವನು ಮತ್ತೆ ಬಿಗಿದ. ನಿಮ್ಮ ಕಡೆ ಬರುವ ರಂಜನ್‌ನ ಲಾರಿ ಹೊರಟು ನಿಂತಿತ್ತು, ನಾಲ್ಕನೇ ಸಲ ನೋಡದೆ ಹತ್ತಿಸಿಬಿಟ್ಟೆ. ಧನಂಜಯ ಕಳಿಸಿದ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ, ಎಡಗಡೆ ನಿನ್ನ ಟಾವೆಲ್ಲು ನೇತಾಡುತ್ತಿದೆ, ಬ್ರೇಕು ಕಾಣುವುದೇ ಇಲ್ಲ. ಕುರ್ಚಿ ವೈನಿಯ ಬಲಕ್ಕೆ ಇಟ್ಟರೆ ಅದೇ ಬ್ರೇಕು ಮಂಚದ ಕಡೆ ಮರೆಯಾಗುತ್ತದೆ. ಸೋಮವಾರದೊಳಗೆ ಟಾವೆಲ್ಲು ತೆಗೆ. ಕುರ್ಚಿಯಲ್ಲಿ ಐವತ್ತು ಕಿಲೋದ ಜೋಳದ ಚೀಲ ಇಡು (ಧನಂಜಯ ಇಡಲಿ, ನೀನಲ್ಲ), ಎರಡೂ ಬ್ರೇಕು ಹಾಕಿ ಮುಂದಿನಿಂದ ಗಟ್ಟಿಯಾಗಿ ದಬ್ಬಿ ನೋಡಿ. ಕುರ್ಚಿ ಒಂದು ಬೆರಳಷ್ಟು ಹಿಂದೆ ಸರಿದರೂ ನಾನು ಬರುವವರೆಗೆ ವೈನಿಯನ್ನು ಅದರಲ್ಲಿ ಕೂರಿಸಬೇಡ. ಸರಿಯದೆ ನಿಂತರೆ ನನಗೆ ಫೋನ್ ಮಾಡು. ಮಾಡಿದ ಮೇಲೆ, ಅಣ್ಣಾ, ಎಡಗಡೆಯದನ್ನು ಇನ್ನೊಂದು ಸಲ ನೋಡು.