ಕರ್ಚೀಫು ಹಾಕಿ ಹಿಡಿದ ಸೀಟು

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಮೊದಲು ನಿನ್ನ ತಲೆಯ ಸಮಾಚಾರ ತಿಳಿಸು. ಸುತ್ತು ಬರುವುದು ನಿಂತಿತೇ? ಊಟ ಸೇರುತ್ತಿದೆಯೇ? ಚೆಂಡು ತಡೆಯಲು ಹಾರಿ ಗೋಲಿನ ಕಂಬಕ್ಕೆ ತಲೆ ಬಡಿಸಿಕೊಂಡವಳು ನೀನು, ಇಲ್ಲಿ ನಿದ್ದೆಗೆಟ್ಟವಳು ನಾನು. ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರೂ ಬರುವ ಭಾನುವಾರದ ಫೈನಲ್‌ಗೆ ನಿಲ್ಲುತ್ತೀಯಂತೆ. ನಿನ್ನ ತಮ್ಮ ಬಾಯಿತಪ್ಪಿ ಹೇಳಿಬಿಟ್ಟ, ಅವನನ್ನು ಬೈಯಬೇಡ. ಫೋನಿನಲ್ಲಿ ನಾನು ಬುದ್ಧಿ ಹೇಳತೊಡಗಿದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನನ್ನು ಕೆಡಿಸಿದ್ದು ನಾವು ಮನೆಮಂದಿಯೆಲ್ಲ ಕೂತು ನೋಡಿದ ಸಿನಿಮಾಗಳೇ. ಎಲ್ಲದರದ್ದೂ ಒಂದೇ ಕಥೆ. ಸೋತು ಸುಣ್ಣವಾದ ತಂಡ, ಮುಂಗೋಪಿ ಕೋಚು, ಅವನೊಡನೆ ಮಾತು ಬಿಟ್ಟ ಮಗಳು, ತಲೆಗೆ ಪಟ್ಟಿ ಕಟ್ಟಿಕೊಂಡು ಕೊನೆಯ ನಿಮಿಷದಲ್ಲಿ ಮೈದಾನಕ್ಕಿಳಿಯುವ ಹುಡುಗ. ಗೆಲುವು, ಅಪ್ಪುಗೆ, ಕಣ್ಣೀರು. ಎಲ್ಲ ಗೊತ್ತಿದ್ದೂ ನಾನು ಪ್ರತಿ ಸಲ ಅತ್ತು ಮೂಗು ಒರೆಸಿಕೊಳ್ಳುತ್ತೇನೆ, ನೀನು ನಗುತ್ತೀಯ. ಬೇರೆ ಸಿನಿಮಾ ನೋಡಿದರೆ ಮನಸ್ಸು ಭಾರವಾಗುತ್ತದೆ, ಇವನ್ನು ನೋಡಿದರೆ ಪಕ್ಕದಲ್ಲಿ ಕೂತವರ ಮೇಲೆ ಪ್ರೀತಿ ಹುಟ್ಟುತ್ತದೆ. ಆದರೆ ಆ ಹುಡುಗನ ಪಟ್ಟಿಯ ಕೆಳಗೆ ಗಾಯವಿರಲಿಲ್ಲ ಮಗಳೇ, ಬಣ್ಣವಿತ್ತು.

ನಮ್ಮ ಸಿನಿಮಾದ ಮಾತಿಗೆ ಬರುತ್ತೇನೆ. ಅದರ ಆಟಗಾರರ ಜೆರ್ಸಿ ಹೊಲಿದದ್ದು ನಿನ್ನ ಅಪ್ಪ ಎಂಬ ಕಾರಣಕ್ಕೆ ಶೂಟಿಂಗಿನ ದಿನ ಅವರನ್ನೂ ಗ್ಯಾಲರಿಯಲ್ಲಿ ಕೂರಿಸಿದರಲ್ಲ, ಆ ದೃಶ್ಯ. ಸುತ್ತ ಎಲ್ಲರೂ ಎದ್ದು ಕೂಗುತ್ತಿದ್ದರೆ ಅವರೊಬ್ಬರು ಕುಳಿತೇ ಇದ್ದಾರೆ, ಕೀಪರನ ತೋಳಿನ ಹೊಲಿಗೆ ಎಲ್ಲಿ ಬಿಡುತ್ತದೋ ಎಂಬ ಚಿಂತೆ ಮುಖದಲ್ಲಿ. ಪಕ್ಕದ ಸೀಟು ಖಾಲಿ, ಅದರ ಮೇಲೆ ಬಿಳಿ ಕರ್ಚೀಫು. ನನಗೆಂದು ಹಿಡಿದ ಜಾಗ. ಕೈಗೂಸಾಗಿದ್ದ ನಿನಗೆ ಜ್ವರ ಬಂದು ನಾನು ಹೋಗಲಾಗಲಿಲ್ಲ. ಸಂಜೆ ಮನೆಗೆ ಬಂದವರು "ಬಾರದಿದ್ದದ್ದೇ ಒಳ್ಳೇದಾಯ್ತು ಮಾರಾಯ್ತಿ, ಗ್ಯಾಲರೀಲಿ ಗಾಳಿಯೋ ಗಾಳಿ" ಅಂದರು. ಆ ದೃಶ್ಯ ಬಂದಾಗಲೆಲ್ಲ ನಾವೆಲ್ಲ ಅವರಿಗೆ ಕೈ ಬೀಸುತ್ತಿದ್ದೆವು. ಅವರು ತೀರಿಕೊಂಡ ಮೇಲೂ ಭಾನುವಾರ ಆ ಸಿನಿಮಾ ಹಾಕಿ ನಾನು ಕೈ ಬೀಸುವುದನ್ನು ಬಿಟ್ಟಿಲ್ಲ.

ನಿನಗೆ ಪೆಟ್ಟು ಬಿದ್ದ ಭಾನುವಾರ ಸಿನಿಮಾ ಹಾಕಿದರೆ ಆ ಸೀಟಿನ ಮೇಲೆ ಕರ್ಚೀಫು ಇರಲಿಲ್ಲ. ಅಪ್ಪ ಅದನ್ನು ಮಡಚಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಆಟದ ಕಡೆ ನೋಡುತ್ತಿರಲಿಲ್ಲ, ಕತ್ತು ತಿರುಗಿಸಿ ಟೀವಿಯೊಳಗಿಂದ ಇತ್ತ ನಮ್ಮ ಕೋಣೆಯ ಕಡೆಗೇ ನೋಡುತ್ತಿದ್ದರು. ಕತ್ತರಿಸುವ ಮುಂಚೆ ಬಟ್ಟೆಯ ಸುಕ್ಕು ಬಿಡಿಸುತ್ತಿದ್ದರಲ್ಲ, ಹಾಗೆ ಖಾಲಿ ಸೀಟನ್ನು ಸವರುತ್ತಿದ್ದರು. ನಿನ್ನ ತಮ್ಮನನ್ನು ಕರೆದು ತೋರಿಸಿದರೆ "ಅಪ್ಪ ಮೊದಲಿಂದ್ಲೂ ಹಾಗೇ ಕೂತಿದ್ರಲ್ಲಮ್ಮಾ, ಕಣ್ಣು ತೋರಿಸ್ಕೊಂಡು ಬಾ" ಅಂದ. ನೀನು ಬಿದ್ದ ಸುದ್ದಿ ಬಂದದ್ದು ಮರುದಿನ. ಕಳೆದ ವಾರವೂ ಅವರು ಹಾಗೆಯೇ ಕೂತಿದ್ದರು. ಆಗ ಧೈರ್ಯ ಮಾಡಿ ಚಿತ್ರ ನಿಲ್ಲಿಸಿ, ಕೋಣೆಯಲ್ಲಿ ಅತ್ತಿತ್ತ ಓಡಾಡಿ ನೋಡಿದೆ. ಅವರ ದೃಷ್ಟಿ ನನ್ನ ಕುರ್ಚಿಯ ಮೇಲಿರಲಿಲ್ಲ. ಕಿಟಕಿಯ ಪಕ್ಕದ ಸೋಫಾದ ಮೂಲೆಯ ಮೇಲಿತ್ತು, ನೀನು ಕಾಲು ಮಡಚಿ ಕೂರುವ ಜಾಗದ ಮೇಲೆ. "ರೀ, ನಿಮಗೆ ಬುದ್ಧಿ ಇದೆಯಾ? ಅವಳಿನ್ನೂ ಮಗು" ಎಂದು ಗದರಿಸಿದೆ. ಬದುಕಿದ್ದಾಗ ಒಂದೇ ಮಾತಿಗೆ ಸುಮ್ಮನಾಗುತ್ತಿದ್ದ ಮನುಷ್ಯ, ಕಣ್ಣು ಕದಲಿಸಲಿಲ್ಲ.

ಅಮ್ಮನಿಗೆ ಅರಳುಮರಳು ಎಂದು ನಗುತ್ತೀಯ. ನಗು, ಆದರೆ ಆಡಬೇಡ. ನಾಲ್ಕಕ್ಕೆ ಸಿನಿಮಾ ಹಾಕುತ್ತೇನೆ, ಅದಕ್ಕೇ ಇಲ್ಲಿಗೆ ಮುಗಿಸುತ್ತೇನೆ. ನಿನ್ನ ಕೋಣೆಯ ಗೆಳತಿಯರಿಗೆ ನನ್ನ ನೆನಪು ಹೇಳು. ನೂರು ಕಾಲ ಬಾಳು ಕಂದಾ.

ನಿನ್ನ,
ಅಮ್ಮ

ಟೀವಿ ಆರಿಸಿ ಬಂದು ಅವಸರದಲ್ಲಿ ಇಷ್ಟು ಸೇರಿಸುತ್ತಿದ್ದೇನೆ: ಇವತ್ತು ನಿನ್ನ ಜಾಗದಲ್ಲಿ ನಾನೇ ಕೂತೆ. ಅಪ್ಪ ನೋಡಿದರು. ಮೊದಲು ಗುರುತು ಸಿಗಲಿಲ್ಲವೇನೋ, ಆಮೇಲೆ ನಕ್ಕರು. "ಆ ಸೀಟು ನನಗೆ ಹಿಡಿದದ್ದು ಕಣ್ರೀ, ನಾನೇ ಬರ್ತೀನಿ" ಅಂದೆ. ಕರ್ಚೀಫು ಬಿಡಿಸಿ ಮತ್ತೆ ಸೀಟಿನ ಮೇಲೆ ಹಾಸಿದರು. ಮಾತು ಆಗಿಹೋಗಿದೆ, ನೀನು ಗೋಲಿನ ಮುಂದೆ ನಿಂತು ಅದನ್ನು ಕೆಡಿಸಬೇಡ. ಫೈನಲ್‌ಗೆ ಮೊದಲೇ ಮನೆಗೆ ಬಾ. ನನ್ನಿಂದ ಕಸಿದುಕೊಂಡು ಹೋದ ಹಸಿರು ಸ್ವೆಟರನ್ನು ಮರೆಯದೆ ತಾ. ಗ್ಯಾಲರಿಯಲ್ಲಿ ಗಾಳಿ ಜೋರು.